ಎರಡು ನೂಲು ಬಿಟ್ಟು ಗೆರೆ

ನನ್ನ ಹೆಸರು ಓದಬೇಕಾದರೆ ಕರೆಂಟು ಹೋಗಬೇಕು. ನಮ್ಮೂರಿನ ಸರಕಾರಿ ಶಾಲೆಗೆ ನಾನು ಕೊಟ್ಟ ಫ್ಯಾನಿನ ರೆಕ್ಕೆಗಳ ಮೇಲೆ ನನ್ನ ಹೆಸರನ್ನೂ ಅಂಗಡಿಯ ಹೆಸರನ್ನೂ ಕೆಂಪು ಬಣ್ಣದಲ್ಲಿ ಬರೆಸಿದ್ದೇನೆ. ಫ್ಯಾನು ತಿರುಗುವಾಗ ನನ್ನ ಔದಾರ್ಯ ಬರೀ ಒಂದು ಕೆಂಪು ಬಳೆ. ಕರೆಂಟು ಹೋದ ಮೇಲೆ ಮಕ್ಕಳು ಬೆವರೊರೆಸಿಕೊಳ್ಳುತ್ತ ತಲೆಯೆತ್ತಿ ಅದನ್ನು ಓದುತ್ತಾರೆ. ಆ ಹೊತ್ತಿನಲ್ಲಿ ನನ್ನ ಬಗ್ಗೆ ಏನೆಂದುಕೊಳ್ಳುತ್ತಾರೋ, ಕೇಳುವ ಧೈರ್ಯ ನನಗಿಲ್ಲ.

ಶಿರ್ತಾಡಿಯಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ ನನ್ನದೊಂದು ಹಾರ್ಡ್‌ವೇರ್ ಅಂಗಡಿ. ನಮ್ಮ ಕಡೆ ಅಂಗಡಿ ಇಟ್ಟವರಿಗೆಲ್ಲ ಸರಕಾರಿ ಶಾಲೆಯ ಹುಚ್ಚು ಸ್ವಲ್ಪ ಜಾಸ್ತಿಯೇ. ಬೇಕರಿಯವರು ಮಕ್ಕಳನ್ನು ಒಲೆಯ ಹತ್ತಿರ ಕರೆದು ಹಿಟ್ಟು ಉಬ್ಬುವುದನ್ನು ತೋರಿಸುತ್ತಾರೆ. ಮೋಟಾರು ರಿಪೇರಿಯವರು ಸುಟ್ಟುಹೋದ ಪಂಪನ್ನು ಹೊತ್ತುಕೊಂಡು ಹೋಗಿ ಅವರಿಂದಲೇ ಬಿಚ್ಚಿಸುತ್ತಾರೆ. ಯಾಕೆಂದು ಕೇಳಿ ನೋಡಿ, ಎಲ್ಲರದ್ದೂ ಒಂದೇ ಉತ್ತರ: "ನಾಳೆ ಕೆಲಸಕ್ಕೆ ಜನ ಬೇಕಲ್ಲ ಮಾರಾಯ್ರೆ." ನಾನೂ ಹಾಗೆಯೇ ಹೇಳುತ್ತಿದ್ದೆ. ವ್ಯಾಪಾರಿಗಳಿಗೆ ಪ್ರೀತಿ ಎಂಬ ಶಬ್ದ ಬಾಯಲ್ಲಿ ತಿರುಗುವುದಿಲ್ಲ, ಲಾಭ ಎಂದರೆ ಸಲೀಸು.

ನನ್ನ ನಿಜವಾದ ಕಾರಣಕ್ಕೆ ಸಂಜೀವ ಎಂದು ಹೆಸರು. ಈಗ ಅವನು ಊರಿನ ಒಳ್ಳೆಯ ಬಡಗಿ. ಒಂದು ಕಾಲದಲ್ಲಿ ಇದೇ ಶಾಲೆಯಲ್ಲಿ ಐದನೆಯ ಕ್ಲಾಸಿನವರೆಗೆ ನನ್ನ ಜೊತೆ ಓದಿದವನು. ಭಿನ್ನರಾಶಿಯ ಪಾಠ ಶುರುವಾದ ಮೇಲೆ ಅವನಿಗೆ ದಿನಾ ಬೆತ್ತದ ಪೆಟ್ಟು. ಒಂದು ದಿನ ಮಾಸ್ಟ್ರು "ಇವನ ತಲೆಗೆ ಇದು ಹತ್ತುವುದಿಲ್ಲ" ಎಂದು ಎಲ್ಲರೆದುರು ಹೇಳಿಬಿಟ್ಟರು. ಮಾರನೆಯ ದಿನದಿಂದ ಅವನು ಅಪ್ಪನ ಜೊತೆ ಉಳಿ ಹಿಡಿದ. ನನಗೆ ಮಾತ್ರ ಪೂರ್ತಿ ಅಂಕ. ಅರ್ಥವಾಗಿ ಅಲ್ಲ, ಬಾಯಿಪಾಠದ ಬಲದಿಂದ. ಅವನಿಗೆ ಪೆಟ್ಟು ಬೀಳುವಾಗ ನಾನು ನಕ್ಕಿದ್ದೂ ಚೆನ್ನಾಗಿ ನೆನಪಿದೆ.

ಆಮೇಲೆ ಅವನು ಶಾಲೆಯ ಒಳಗೆ ಕಾಲಿಟ್ಟವನಲ್ಲ. ಬೆಂಚು ಮಾಡಿಕೊಡಿ ಎಂದರೆ ಮನೆಯಲ್ಲೇ ಮಾಡಿ, ರಿಕ್ಷಾದಲ್ಲಿ ಹೇರಿ ತಂದು, ತಾನು ಗೇಟಿನ ಹೊರಗೆ ನಿಲ್ಲುತ್ತಿದ್ದ.

ಕಳೆದ ವರ್ಷ ಗದಗದ ಕಡೆಯ ಒಬ್ಬರು ಟೀಚರ್ ಬಂದರು. ಪುಸ್ತಕದ ಕಪಾಟನ್ನು ಮಕ್ಕಳೇ ಮಾಡಬೇಕು ಎಂಬುದು ಅವರ ಹಟ. ಹಲಗೆ, ಮೊಳೆ ನಾನು ಕೊಡುತ್ತೇನೆ ಎಂದೆ. ಕಲಿಸುವುದಕ್ಕೆ ಸಂಜೀವ ಬರಬೇಕಿತ್ತು.

"ನನ್ನನ್ನು ಬಿಡಿ ಅಕ್ಕ," ಎಂದ. ಅಂಗಡಿಯಲ್ಲಿ ಗಿರಾಕಿಗಳಿದ್ದರೆ ನಾನು ಅವನಿಗೆ ಅಕ್ಕ. "ಮಕ್ಕಳು ಲೆಕ್ಕದ್ದು ಏನಾದರೂ ಕೇಳಿದರೆ? ಆ ಬೋರ್ಡಿನ ಎದುರು ಇನ್ನೊಮ್ಮೆ ನಿಲ್ಲಲಿಕ್ಕೆ ನನ್ನಿಂದ ಆಗುವುದಿಲ್ಲ."

"ನಾನೂ ಬರ್ತೇನೆ. ಒಟ್ಟಿಗೆ ಹೋಗುವ," ಎಂದೆ. ಹೀಗೆ ಮೂರು ವಾರ ಹೇಳಬೇಕಾಯಿತು. ಕೊನೆಗೆ ಬಂದ. ಎಲ್ಲರೂ ಚಪ್ಪಲಿಯನ್ನು ಕ್ಲಾಸಿನ ಬಾಗಿಲಲ್ಲಿ ಬಿಟ್ಟರೆ ಅವನು ಗೇಟಿನಲ್ಲೇ ಬಿಟ್ಟ.

ಹಲಗೆಯ ಮುಂದೆ ಕೂತ ಮೇಲೆ ಅವನು ಮತ್ತೆ ಬಡಗಿಯಾದ. "ಅಂಚಿನಿಂದ ಎರಡು ನೂಲು ಬಿಟ್ಟು ಗೆರೆ ಹಾಕಿ," ಎಂದ. ಒಬ್ಬಳು ಹುಡುಗಿ ಒಂದು ನಿಮಿಷ ಯೋಚಿಸಿದಳು. ಆಮೇಲೆ ಲಂಗದ ಅಂಚಿನಿಂದ ಎರಡು ದಾರ ಎಳೆದು, ಹಲಗೆಯ ಮೇಲೆ ಒತ್ತೊತ್ತಾಗಿ ಇಟ್ಟು, ಅದರ ಪಕ್ಕದಲ್ಲಿ ಭಕ್ತಿಯಿಂದ ಗೆರೆ ಎಳೆದಳು. ತಪ್ಪು ಅವಳದ್ದಲ್ಲ. ಪುಸ್ತಕದ ಕನ್ನಡದಲ್ಲಿ ನೂಲು ಎಂದರೆ ದಾರವೇ. ಬಡಗಿಗಳ, ನಮ್ಮಂಥ ಮೊಳೆ ಮಾರುವವರ ಬಾಯಲ್ಲಿ ಮಾತ್ರ ಅದು ಅಳತೆ. ಹಳೆಯ ಕಾಲದಲ್ಲಿ ಯಾವನೋ ಮೇಸ್ತ್ರಿ ದಾರವನ್ನೇ ಅಳತೆಗೆ ಇಟ್ಟುಕೊಂಡಿರಬೇಕು ಎಂಬುದು ನನ್ನ ಊಹೆ. ಒಂದರಂತೆ ಇನ್ನೊಂದಿಲ್ಲದ ಮೂಡುಬಿದಿರೆ ಬಸದಿಯ ಕಂಬಗಳನ್ನು ಕಡೆದವರು ಎಷ್ಟನೆಯ ಕ್ಲಾಸು ಪಾಸಾಗಿದ್ದರು ಎಂದು ಯಾರೂ ಬರೆದಿಟ್ಟಿಲ್ಲ.

"ನೂಲು ಅಂದ್ರ ಎಷ್ಟ್ರೀ?" ಎಂದು ಟೀಚರ್ ಕೇಳಿದರು.

"ಇಂಚಿನಲ್ಲಿ ಅರ್ಧ ಮಾಡಿ. ಅದರಲ್ಲಿ ಅರ್ಧ. ಮತ್ತೆ ಅದರಲ್ಲಿ ಅರ್ಧ. ಅದು ಒಂದು ನೂಲು." ಅವನು ಹೇಳುತ್ತ ಹೋದಂತೆ ಅವರು ಬೋರ್ಡಿನ ಮೇಲೆ ಬರೆಯುತ್ತ ಹೋದರು: 1/2, 1/4, 1/8.

"ಮೂರು ನೂಲಿಗೆ ಎರಡು ನೂಲು ಕೂಡಿಸಿದ್ರ?"

"ಅರ್ಧ ಇಂಚಿನ ಮೇಲೆ ಒಂದು ನೂಲು," ಎಂದ, ತಡವಿಲ್ಲದೆ. ಟೀಚರ್ 5/8 ಎಂದು ಬರೆದು ಮಕ್ಕಳ ಕಡೆ ತಿರುಗಿದರು. "ನೋಡ್ರಿ, ಭಿನ್ನರಾಶಿ ಅಂದ್ರ ಇದ."

ಸಂಜೀವ ಎದ್ದು ಬೋರ್ಡಿನ ಹತ್ತಿರ ಹೋದ. ಬಹಳ ಹೊತ್ತು ನೋಡಿದ. ಆಮೇಲೆ ನನ್ನತ್ತ ತಿರುಗಿ, ಮಕ್ಕಳಿಗೆ ಕೇಳದ ಹಾಗೆ ಹೇಳಿದ: "ಇದೇ ಆದರೆ ನನಗೆ ಗೊತ್ತಿತ್ತಲ್ಲ ಮಾರಾಯ್ತಿ."

ದಿನಾ ನೂಲಿನ ಲೆಕ್ಕದಲ್ಲಿ ಬೋಲ್ಟು ಮಾರುವ ನನಗೂ ಇದು ಅದೇ ಎಂದು ಹೊಳೆದಿರಲಿಲ್ಲ. ಅಂಗಡಿಯವರು ಶಾಲೆಗೆ ಯಾಕೆ ಹೋಗುತ್ತಾರೆ ಎಂಬ ಪ್ರಶ್ನೆಗೆ ಅವತ್ತು ನನಗೆ ಉತ್ತರ ಸಿಕ್ಕಿತು. ನಮ್ಮ ಕೈಗೆ ಗೊತ್ತಿರುವುದನ್ನು ಶಾಲೆ ಒಮ್ಮೆ ಬೋರ್ಡಿನ ಮೇಲೆ ಬರೆದು ಹೌದು ಅನ್ನಲಿ, ಅಷ್ಟೇ ಆಸೆ. ಫ್ಯಾನು, ಬೆಂಚು ಎಲ್ಲ ಅದಕ್ಕೆ ನೆಪ.

ಮುಂದಿನ ವಾರ ಸಂಜೀವ ಅಂಗಡಿಗೆ ಬಂದ. ಗಿರಾಕಿಗಳು ತುಂಬಿದ್ದರು. ಸ್ವಲ್ಪ ಗಟ್ಟಿಯಾಗಿಯೇ ಕೇಳಿದ: "ಎಂಟರಲ್ಲಿ ಮೂರಂಶದ ಬೋಲ್ಟು ಉಂಟಾ ಅಕ್ಕ?"

ಭಿನ್ನರಾಶಿಯಲ್ಲಿ ಪೂರ್ತಿ ಅಂಕ ತೆಗೆದ ನಾನು ಡಬ್ಬಿಗಳ ಮುಂದೆ ತಬ್ಬಿಬ್ಬಾಗಿ ನಿಂತೆ. ಅವನು ನಗಲಿಲ್ಲ. ಮೆಲ್ಲ ಕೈ ಚಾಚಿ ಮೂರು ನೂಲಿನ ಡಬ್ಬಿಯನ್ನು ತೋರಿಸಿದ.