ಸಂಗನಬಸವ ಅಂಟಿಸಿದ ನೀರಿನ ಪಟ್ಟಿ

ಗೊರೇಬಾಳದಾಚೆ ಒಂದು ಹಳ್ಳಿಯ ನೀರು ಬಳಕೆದಾರರ ಸಂಘಕ್ಕೆ ಏಳು ವರ್ಷದಿಂದ ಸಂಗನಬಸವನೇ ಕಾರಕೂನ, ಅವನೇ ಕಂಪ್ಯೂಟರ್ ಆಪರೇಟರ್. ಅದಕ್ಕೂ ಮೊದಲು ಸಿಂಧನೂರಿನ ಡಿಟಿಪಿ ಅಂಗಡಿಯಲ್ಲಿ ಇಪ್ಪತ್ತು ವರ್ಷ ಲಗ್ನಪತ್ರಿಕೆ ಟೈಪ್ ಮಾಡಿದವನು. ಹಳೆಯ ಕನ್ನಡ ಫಾಂಟ್ ಕೈಕೊಟ್ಟರೆ ಬರಹವೆಲ್ಲ ಕೊಂಬು, ಬಾಲ ಹಚ್ಚಿಕೊಂಡ ಇಂಗ್ಲಿಷ್ ಅಕ್ಷರಗಳ ಸಂತೆಯಾಗುತ್ತದಲ್ಲ, ಅದನ್ನೂ ಅವನು ಸರಾಗವಾಗಿ ಓದಬಲ್ಲ.

ರೈತರ ಹೆಸರೆಲ್ಲ ಆ ಹಳೆಯ ಫಾಂಟಿನಲ್ಲೇ ಇದ್ದವು. ಅವನ್ನು ಈಗ ಎಲ್ಲೆಡೆ ಬಳಸುವ ಯೂನಿಕೋಡಿಗೆ ತಿರುಗಿಸಿ ಮುದ್ರಿಸಲು ತಾನೇ ಒಂದು ಪುಟ್ಟ ಪ್ರೋಗ್ರಾಂ ಬರೆದುಕೊಂಡಿದ್ದ. ತಿರುಗಿಸುವ ಕೆಲಸ ಮಾತ್ರ ಯಾರೋ ಬರೆದಿಟ್ಟ ಸಿದ್ಧ ಕೋಡಿನದು, ಅದಕ್ಕೆ ಲೈಬ್ರರಿ ಎನ್ನುತ್ತಾರೆ. ಚೆನ್ನಾಗಿಯೇ ನಡೆದಿತ್ತು. ಅಪ್‌ಡೇಟ್ ಎಂದು ಕಂಡರೆ ಒತ್ತದೇ ಬಿಡದ ಈ ಪುಣ್ಯಾತ್ಮ ಆ ಲೈಬ್ರರಿಯನ್ನೂ ಅಪ್‌ಡೇಟ್ ಮಾಡಿ, ಇರಲಾರದೆ ಇರುವೆ ಬಿಟ್ಟುಕೊಂಡ. ಬರಹ ಯಾವ ಎನ್‌ಕೋಡಿಂಗಿನದು, ಅಂದರೆ ಯಾವ ಅಕ್ಷರ ಸಂಕೇತದ್ದೆಂದು ಹಳೆಯ ಲೈಬ್ರರಿ ತಾನೇ ಊಹಿಸಿಕೊಳ್ಳುತ್ತಿತ್ತು. ಹೊಸದಕ್ಕೆ ನಾವೇ ಹೇಳಬೇಕು, ಹೇಳದಿದ್ದರೆ ಕೊಟ್ಟದ್ದನ್ನೇ ಹಾಗೇ ವಾಪಸು ಕೊಡುತ್ತದೆ. ಆ ಸೂಚನೆ ಓದುವ ವ್ಯವಧಾನ ಇವನಿಗೆಲ್ಲಿ? ಕಾಲುವೆ ನೀರಿನ ಸರದಿ ಪಟ್ಟಿ ಮುದ್ರಿಸಿದ, ಮೇಲಿಂದ ಕೆಳಗೆ ಓದಿದ, ಎಲ್ಲ ಸರಿ ಇದೆಯೆಂದು ರುಜು ಹಾಕಿ ಗೋಡೆಗೆ ಅಂಟಿಸಿದ. ಮುದ್ರಣವಾದದ್ದು ಕನ್ನಡವೇ ಅಲ್ಲ ಎಂಬುದು ಅವನ ಕಣ್ಣಿಗೆ ಬೀಳಲೇ ಇಲ್ಲ.

ಮರುದಿನ ಹತ್ತಕ್ಕೆ ತೂಬು ಎತ್ತಬೇಕು. ಒಂಬತ್ತಕ್ಕೇ ಗೋಡೆ ಮುಂದೆ ಗದ್ದಲ.

“ಯಾವ ದೇಶದ ಭಾಷಾ ಬರದೀಯೋ ಮಾರಾಯ?” ಎಂದರು ಕಾಲುವೆಯ ಮೇಲ್ಭಾಗದಲ್ಲಿ ನಲವತ್ತು ಎಕರೆ ಇರುವ ಕರಿಬಸಯ್ಯ.

“ಸರಿ ಐತಲ್ರೀ ಅಯ್ಯಾರ. ಮೊದಲನೇದು ಜಂಬಮ್ಮ, ಎರಡನೇದು ಮಾಳಿಂಗರಾಯ…” ಸಂಗನಬಸವ ಬೆರಳಿಟ್ಟು ಓದತೊಡಗಿದ.

“ಬಾಯಿಗೆ ಬಂದದ್ದು ಓದಾಕತ್ತಿ. ಹರದು ಒಗೀರಿ ಇದನ್ನ. ಮೊದಲಿನಂಗ ಮ್ಯಾಲಿನ ಹೊಲದಿಂದ ನೀರು ಬಿಡ್ರಿ.”

ಹಾಗಾದರೆ ಕಾಲುವೆಯ ತುದಿಯಲ್ಲಿರುವ ಜಂಬಮ್ಮನ ಎರಡು ಎಕರೆಗೆ ನೀರು ಮುಟ್ಟುವಷ್ಟರಲ್ಲಿ ಭತ್ತದ ಸಸಿ ಒಣಗಿಹೋಗುತ್ತಿತ್ತು. ಏಳು ವರ್ಷದಲ್ಲಿ ಮೊದಲ ಸಲ ಈ ವರ್ಷ ಚೀಟಿ ಎತ್ತಿ ಸರದಿ ಗೊತ್ತುಮಾಡಿದ್ದರು, ಅವಳ ಹೆಸರೇ ಮೊದಲು ಬಂದಿತ್ತು. ಸಂಗನಬಸವ ಪಟ್ಟಿಯನ್ನು ಮತ್ತೊಮ್ಮೆ ನೋಡಿದ, ಅದು ಹಳೆಯ ಫಾಂಟಿನ ಕೊಂಬು ಬಾಲದ ಬರಹವೆಂದು ಈಗ ಕಂಡಿತು. ತಾನು ಓದಿದ್ದು ಸುಳ್ಳಲ್ಲ ಎನ್ನಲು ಆ ಲಿಪಿ ಬಲ್ಲ ಇನ್ನೊಬ್ಬ ಊರಲ್ಲಿಲ್ಲ.

ಹಿಂದೆ ನಿಂತಿದ್ದ ಜಂಬಮ್ಮ ಮುಂದೆ ಬಂದಳು. “ಮೂರನೇದು ಗಿರಿಯಮ್ಮ, ನಾಕನೇದು ಉಸ್ಮಾನ್‌ಸಾಬ್, ಐದನೇದು ದುರುಗಪ್ಪ…” ಗೋಡೆಯ ಕಡೆ ತಿರುಗದೆಯೇ ಮೂವತ್ತೊಂದನೆಯ ಹೆಸರಿನವರೆಗೂ ಹೇಳಿದಳು. ತಂತಮ್ಮ ನಂಬರಷ್ಟೇ ನೆನಪಿದ್ದವರು ಒಬ್ಬೊಬ್ಬರಾಗಿ ಹೌದು ಎಂದರು. ಹದಿನೇಳನೆಯವರಾದ ಕರಿಬಸಯ್ಯನವರೂ ಕೊನೆಗೆ ತಲೆ ಆಡಿಸಬೇಕಾಯಿತು.

“ಓದಾಕ ಬರಂಗಿಲ್ಲ, ನಿನಗ ಹೆಂಗ ಗೊತ್ತಾತು?” ಎಂದು ಅವಳನ್ನು ಕೇಳಿದರು.

“ಚೀಟಿ ಎತ್ತಿದ ದಿನ ಕೂಗಿ ಹೇಳಿದ್ರಲ್ರೀ, ಅವತ್ತೇ ಬಾಯಿಪಾಠ ಮಾಡೀನಿ. ನನಗ ಯಾವ ಪಟ್ಟಿನೂ ಹಿಂಗೇ ಕಾಣ್ತದ.”

ಹತ್ತಕ್ಕೆ ತೂಬು ಎತ್ತಿದರು. ಸಂಗನಬಸವ ಪ್ರೋಗ್ರಾಮಿನಲ್ಲಿ ಎನ್‌ಕೋಡಿಂಗಿನ ಹೆಸರು ಹೇಳುವ ಒಂದು ಸಾಲು ಸೇರಿಸಿ, ಕನ್ನಡದ ಪಟ್ಟಿ ತೆಗೆದುಕೊಂಡು ಗೋಡೆಯ ಹತ್ತಿರ ಬಂದ. ಏಳು ವರ್ಷ ಅಂಟಿಸಿದ ಒಂದು ಪಟ್ಟಿಯೂ ಜಂಬಮ್ಮನಿಗೆ ತಲುಪಿಲ್ಲ ಎಂದು ಆಗ ಹೊಳೆದು, ಭಾರೀ ನಾಚಿಕೆಯಾಯಿತು. ಅಂಟು ಹಚ್ಚುವ ಮೊದಲು ಎಲ್ಲರನ್ನೂ ಕರೆದು ಗಟ್ಟಿಯಾಗಿ ಓದಿದ.