ಬಿಟ್ಟುಹೋದವರಿಗೂ ಬಣ್ಣ ಹಚ್ಚುವ ಆರ್ಡಿಸ್

ಗುರುವಾರ, ಬೆಳಗಿನ ಐದೂವರೆ. ಆಲ್ಡರ್‌ಫೋರ್ಡ್ ಕಾಲೇಜಿನ ಫುಟ್‌ಬಾಲ್ ಮೈದಾನದ ಮೇಲೆ ಇನ್ನೂ ಬೂದು ಬೆಳಕು. ಆರ್ಡಿಸ್ ನೈಗಾರ್ಡ್ ಉದ್ದನೆಯ ಹಗ್ಗವೊಂದರ ಈ ತುದಿ ಹಿಡಿದಿದ್ದಾರೆ. ಐವತ್ತು ಗಜ ಆಚೆ ಎಲ್ಡನ್ ಫಿಸ್ಕ್ ಆ ತುದಿ ಹಿಡಿದಿದ್ದಾರೆ. ಇಬ್ಬರೂ ಸಮ ಹೆಜ್ಜೆಯಲ್ಲಿ ನಡೆಯುತ್ತಾರೆ. ಹಗ್ಗ ಹುಲ್ಲಿನ ನೆತ್ತಿ ಸವರಿಕೊಂಡು ಹೋದಂತೆಲ್ಲ ಇಬ್ಬನಿ ಉದುರಿ, ಬೆಳ್ಳಗೆ ಮಂಕಾಗಿದ್ದ ಮೈದಾನ ಅವರ ಬೆನ್ನ ಹಿಂದೆ ಹಸಿರಾಗುತ್ತದೆ. ಹುಲ್ಲು ಒದ್ದೆಯಿದ್ದರೆ ಬಣ್ಣ ಹಿಡಿಯುವುದಿಲ್ಲ. ಬಿಸಿಲು ಬರುವವರೆಗೆ ಕಾಯುವಷ್ಟು ಪುರುಸೊತ್ತೂ ಇಲ್ಲ.

“ಎಲ್ಡನ್, ನಿದ್ದೆ ಮಾಡ್ಕೊಂಡು ನಡೀತಿದ್ದೀಯಾ? ಹಗ್ಗ ಸಡಿಲ ಬಿಟ್ಟೆ ನೋಡು.”

“ನಲವತ್ತು ವರ್ಷ ಗೋಧಿ ಹೊಲದಲ್ಲಿ ಸಾಲು ಹೊಡೆದೋನು ಕಣಮ್ಮಾ ನಾನು. ನಿದ್ದೇಲೂ ನೆಟ್ಟಗೆ ನಡೀತೀನಿ. ಸೋತಿರೋದು ನಿನ್ನ ಕೈ.”

ಆರ್ಡಿಸ್‌ಗೆ ಐವತ್ತೆಂಟು. ಮೂವತ್ತೊಂದು ವರ್ಷಗಳಿಂದ ಈ ಮೈದಾನಕ್ಕೆ ಗೆರೆ ಎಳೆಯುವುದು, ಬಣ್ಣ ಹಚ್ಚುವುದು ಅವರ ಕೆಲಸ. ಶನಿವಾರ ಇಪ್ಪತ್ತು ಸಾವಿರ ಜನ ಬಂದು ಕೂತು ನೋಡುವುದು ಅವರ ಗೆರೆಗಳನ್ನೇ. ಆ ಗೆರೆಗಳನ್ನು ಯಾರೋ ಎಳೆದಿದ್ದಾರೆ ಎಂಬುದು ಒಬ್ಬರಿಗೂ ಹೊಳೆಯುವುದಿಲ್ಲ. ಗೆರೆ ಸೊಟ್ಟಗಾದರೆ ಹೊಳೆಯುತ್ತದೆ. “ಒಂದೇ ಸಲ ಸೊಟ್ಟಗಾಗಿತ್ತು, ನಾನು ಕೆಲಸಕ್ಕೆ ಸೇರಿದ ವರ್ಷ. ಹಾರ್ಡ್‌ವೇರ್ ಅಂಗಡೀಲಿ ಈಗ್ಲೂ ಕೇಳ್ತಾರೆ” ಎನ್ನುತ್ತಾರೆ.

ಮೈದಾನದ ಎರಡು ತುದಿಗೂ ಹತ್ತು ಹತ್ತು ಗಜ ಅಗಲದ ಪಟ್ಟಿಗಳಿವೆ. ಇಲ್ಲಿನ ಫುಟ್‌ಬಾಲಿನಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದವನು ಅಲ್ಲಿಗೆ ಓಡಿ ತಲುಪಿದರೆ ಅಂಕ. ದಕ್ಷಿಣದ ಪಟ್ಟಿಗೆ ಆಲ್ಡರ್‌ಫೋರ್ಡಿನ ಕಂದುಗೆಂಪು ಬಣ್ಣ ಮಂಗಳವಾರವೇ ಬಿದ್ದಿದೆ. ಉತ್ತರದ ಪಟ್ಟಿ ಮಾತ್ರ ಬೋಳು. ಶನಿವಾರದ ಆಟಕ್ಕೆ ಅಲ್ಲಿ ಏನು ಬರೆಯಬೇಕು, ಬರೆಯಬೇಕೋ ಬೇಡವೋ ಎಂಬುದು ಆರ್ಡಿಸ್‌ಗೆ ಗೊತ್ತಿಲ್ಲ. ಎಲ್ಡನ್‌ಗೆ ಗೊತ್ತಿಲ್ಲ. ಕಾಲೇಜಿನ ಕ್ರೀಡಾ ಕಚೇರಿಗೂ ಗೊತ್ತಿದ್ದಂತೆ ಕಾಣುವುದಿಲ್ಲ.

ಶನಿವಾರ ಬರುತ್ತಿರುವವರು ಬೆಟ್ಟದಾಚೆ ಕಡಲ ಕಡೆಯ ಕ್ಲಿಯರ್‌ಬ್ರೂಕ್‌ನವರು. ಎಂಬತ್ತಾರು ವರ್ಷಗಳಿಂದ ಈ ಎರಡು ಕಾಲೇಜುಗಳ ನಡುವೆ ಆಟ ನಡೆದಿದೆ. ಒಂದು ವರ್ಷ ಇಲ್ಲಿ, ಮರುವರ್ಷ ಅಲ್ಲಿ. ಆಟ ಇಲ್ಲಿ ನಡೆದ ವರ್ಷ ಉತ್ತರದ ಪಟ್ಟಿ ಅತಿಥಿಗಳದು: ಅವರ ಹೆಸರು, ಅವರ ಕಡುಹಸಿರು. ಅಲ್ಲಿ ನಡೆದ ವರ್ಷ ಒಂದು ತುದಿ ಆಲ್ಡರ್‌ಫೋರ್ಡಿನದು. ಬೇರೆ ಯಾವ ತಂಡದೊಂದಿಗೂ ಈ ಪದ್ಧತಿ ಇಲ್ಲ. ಇದು ಶುರುವಾದದ್ದು ಒಂದು ತಪ್ಪಿನಿಂದ. ಆರ್ಡಿಸ್‌ಗಿಂತ ಹಿಂದೆ ಇದ್ದವರು ಒಮ್ಮೆ ಅತಿಥಿಗಳ ಲಾಂಛನ ಬರೆಯಲು ಹಸಿರು ಕಲೆಸಿದರೆ ಅದು ಕೊಳದ ನೀಲಿಯಾಗಿ ಕೂತಿತು. ಕ್ಲಿಯರ್‌ಬ್ರೂಕ್ ಮೈದಾನದ ಯಜಮಾನ ರೇಗಿ, ತಮ್ಮ ಬಣ್ಣವನ್ನೇ ವ್ಯಾನಿಗೆ ತುಂಬಿಕೊಂಡು ಘಟ್ಟ ಹತ್ತಿ ಬಂದ. ತಂದ ಬಣ್ಣ ಮಿಕ್ಕಿತು. ಮಿಕ್ಕಿದ್ದನ್ನು ಇಡೀ ಪಟ್ಟಿಗೆ ಬಳಿದರು. ಅಲ್ಲಿಂದ ಆಚೆಗೆ ಬಣ್ಣ ಕಳಿಸುವುದು ಅತಿಥಿಯ ಪಾಲು, ಹಚ್ಚುವುದು ಮನೆಯವರ ಪಾಲು.

ಎರಡು ವರ್ಷದ ಹಿಂದೆ, ಆಗಸ್ಟ್ ತಿಂಗಳ ಒಂದೇ ವಾರದಲ್ಲಿ, ಎಲ್ಲ ತಲೆಕೆಳಗಾಯಿತು. ವೆಸ್ಟರ್ನ್ ಹತ್ತು ಎಂಬ ಕಾಲೇಜುಗಳ ಒಕ್ಕೂಟದಲ್ಲಿ ಇವರೂ ಇದ್ದರು, ಅವರೂ ಇದ್ದರು. ಹತ್ತು ಕಾಲೇಜು ತಮ್ಮತಮ್ಮಲ್ಲೇ ಆಡುತ್ತಿದ್ದವು, ಟಿವಿಯವರು ಕೊಟ್ಟದ್ದನ್ನು ಹಂಚಿಕೊಳ್ಳುತ್ತಿದ್ದವು. ದೊಡ್ಡ ದೊಡ್ಡ ಒಕ್ಕೂಟಗಳಿಂದ ಕರೆ ಬಂತು. ಸೋಮವಾರ ಇಬ್ಬರು ಹೋದರು. ಬುಧವಾರ ಒಬ್ಬರು. ಶುಕ್ರವಾರ ಮಧ್ಯಾಹ್ನ, ಆರ್ಡಿಸ್ ಟ್ರ್ಯಾಕ್ಟರಿನಲ್ಲಿ ಕೂತು ಮೈದಾನಕ್ಕೆ ಗೊಬ್ಬರ ಹಾಕುತ್ತಿದ್ದಾಗ, ಕ್ಲಿಯರ್‌ಬ್ರೂಕ್ ಸೇರಿ ಐವರು ಹೋದರೆಂದು ರೇಡಿಯೋ ಹೇಳಿತು. “ಈ ಕೊನೆಯಿಂದ ಆ ಕೊನೆಗೆ ಹೋಗಿ ಟ್ರ್ಯಾಕ್ಟರ್ ತಿರುಗಿಸೋಷ್ಟರಲ್ಲಿ ನಾವು ಇಬ್ಬರೇ ಉಳಿದಿದ್ವಿ. ಹೆಸರು ಮಾತ್ರ ಈಗ್ಲೂ ಹತ್ತು ಅಂತಾನೇ ಇದೆ. ಎರಡು ಜನಕ್ಕೆ ಹತ್ತು ಅಂತಾರೋ ಏನಂತಾರೋ, ನನಗೆ ಲೆಕ್ಕ ಹತ್ತಲ್ಲ.”

ಉಳಿದ ಇನ್ನೊಬ್ಬರು ದಕ್ಷಿಣದ ಮರುಭೂಮಿ ಸೀಮೆಯ ಹ್ಯಾಡ್ಲಿ ಕಾಲೇಜಿನವರು, ಸಾವಿರ ಮೈಲಿ ದೂರ. ಮಿಕ್ಕಂತೆ ಯಾರು ಸಿಕ್ಕರೆ ಅವರೊಂದಿಗೆ ಆಟ. ಹೋದ ವಾರ ಬಂದವರ ಊರು ಎಲ್ಲಿದೆಯೆಂದು ತಿಳಿಯಲು ಎಲ್ಡನ್ ನಕ್ಷೆ ಬಿಚ್ಚಬೇಕಾಯಿತು. ಈಜು ತಂಡ ಮುಚ್ಚಿತು, ಟೆನಿಸ್ ಮುಚ್ಚಿತು. ಮೈದಾನದ ಕೆಲಸಕ್ಕೆ ಒಂಬತ್ತು ಜನರಿದ್ದರು, ಈಗ ನಾಲ್ವರು. ಅದರಲ್ಲಿ ಒಬ್ಬರು ಎಪ್ಪತ್ತೊಂದು ವರ್ಷದ ಎಲ್ಡನ್, ಹೊಲವನ್ನು ಮಗಳಿಗೆ ವಹಿಸಿ ಹೊತ್ತು ಹೋಗದೆ ಬಂದವರು. ಒಂದು ಆಟಕ್ಕೆ ಮೂರು ಮೈಲಿಗೂ ಮಿಕ್ಕಿ ಗೆರೆ, ಎರಡು ಪಟ್ಟಿ, ನೂರಾರು ಅಂಕಿ-ಗುರುತು. ಎಳೆಯುವಾಗ ಆರ್ಡಿಸ್ ದಿನಕ್ಕೆ ಹನ್ನೊಂದು ಮೈಲಿ ನಡೆಯುತ್ತಾರೆ. ಶೆಡ್ಡಿನ ಗೋಡೆಗೆ ಹತ್ತು ಕಾಲೇಜಿನ ಲಾಂಛನದ ಬಣ್ಣಕ್ಕೆ ಹತ್ತು ಕಪಾಟು. ಎಂಟರಲ್ಲಿ ಈಗ ಒಣಗಿದ ಡಬ್ಬಿಗಳು. ಎಸೆಯಿರೆಂದು ಯಾರೂ ಹೇಳಿಲ್ಲ, ಇಟ್ಟುಕೊಳ್ಳಿರೆಂದೂ ಹೇಳಿಲ್ಲ.

ಕ್ಲಿಯರ್‌ಬ್ರೂಕ್ ಹೋಗುವಾಗ ಎರಡು ವರ್ಷ ಆಡುವುದಾಗಿ ಒಪ್ಪಿತ್ತು. ಇದು ಎರಡನೆಯದು. ಮುಂದಿನ ವರ್ಷದ ವೇಳಾಪಟ್ಟಿಯಲ್ಲಿ ಈ ಆಟವೇ ಇಲ್ಲ. ಮೊದಲೆಲ್ಲ ಇದು ನವೆಂಬರಿನ ಕೊನೆಯ ಶನಿವಾರ, ಹಿಮ ಬೀಳುವ ಹೊತ್ತಿಗೆ ನಡೆಯುತ್ತಿತ್ತು. ಈಗ ನವೆಂಬರ್ ಅವರ ಹೊಸ ಒಕ್ಕೂಟಕ್ಕೆ ಮೀಸಲಂತೆ. ಅದಕ್ಕೇ ಸೆಪ್ಟೆಂಬರಿನಲ್ಲಿ, ಕೊಯ್ಲಿನ ಧೂಳು ಅಡಗುವ ಮೊದಲೇ, ಮುಗಿಸಿಬಿಡುವ ಆತುರ.

ಈ ಮಂಗಳವಾರ ಮಧ್ಯಾಹ್ನ ಒಂದು ಲಾರಿ ಬಂತು. ಹನ್ನೊಂದು ಬಕೆಟ್ ಕಡುಹಸಿರು ಇಳಿಸಿ ಹೋಯಿತು. ಜೊತೆಗೆ ಚೀಟಿಯಿಲ್ಲ, ಮಾತಿಲ್ಲ.

ಊರಿಗೆ ಸುದ್ದಿ ಹಬ್ಬಲು ಅರ್ಧ ಗಂಟೆ ಸಾಕಾಯಿತು. ಬುಧವಾರ ಬೆಳಿಗ್ಗೆ ಕೆಫೆಯಲ್ಲಿ ಮೊಟ್ಟೆ, ಹುರಿದ ಆಲೂಗಡ್ಡೆ ತಿನ್ನಲು ಕೂತ ಆರ್ಡಿಸ್‌ರನ್ನು ಮೋಟೆಲಿನ ಒಡತಿ ವೆಲ್ಡಾ ಹಿಡಿದುಕೊಂಡರು. ಆಟದ ದಿನಗಳಲ್ಲಿ ತುಂಬುತ್ತಿದ್ದ ವೆಲ್ಡಾರ ಇಪ್ಪತ್ತೆರಡು ಕೋಣೆಗಳಲ್ಲಿ ಹೋದ ವಾರ ಆರು ತುಂಬಿದ್ದವು.

“ಏನೇ ಆರ್ಡಿಸ್, ನಮ್ಮನ್ನ ನಡುನೀರಲ್ಲಿ ಬಿಟ್ಟು ಹೋದೋರಿಗೆ ಹಾಸಿಗೆ ಹಾಸಿ ಕೊಡ್ತೀಯಂತೆ?”

“ನಾನೆಲ್ಲಿ ಹಾಸ್ದೆ? ಇನ್ನೂ ಬಕೆಟ್ ಮುಚ್ಚಳಾನೇ ತೆಗೆದಿಲ್ಲ.”

“ತೆಗೀಬೇಡ. ಬೋಳು ಬಿಡು. ಬಂದು ನೋಡ್ಲಿ. ನಾಚ್ಕೆ ಆಗ್ಲಿ.”

“ಶನಿವಾರ ಕೋಣೆ ಎಷ್ಟು ತುಂಬಿದೆ ನಿಂದು?”

“ಇಪ್ಪತ್ತೆರಡೂ.”

“ಯಾರು ಬುಕ್ ಮಾಡಿರೋದು?”

ವೆಲ್ಡಾ ಕಾಫಿ ಕಡೆ ನೋಡಿದರು. “ಅವರೇ, ಮತ್ಯಾರು. ಅದು ಬೇರೆ ವಿಷಯ ಕಣೇ.”

ಕಚೇರಿಯಿಂದ ಸೋಮವಾರ ಒಂದೇ ದಿನ ಮೂರು ಸೂಚನೆ ಬಂದಿವೆ. ಒಂದರಲ್ಲಿ ‘ಎಂದಿನಂತೆ’ ಎಂದಿದೆ. ಇನ್ನೊಂದರಲ್ಲಿ ‘ಪರಿಶೀಲನೆಯಲ್ಲಿದೆ’. ಮತ್ತೊಂದರಲ್ಲಿ ‘ಖಾಲಿ ಬಿಡುವುದು’. ಮೂರಕ್ಕೂ ಕ್ರೀಡಾ ವಿಭಾಗದ ಉಪನಿರ್ದೇಶಕ ಪ್ರೆಸ್ಟನ್ ವೀಲ್ ಅವರ ಸಹಿ. ಮೂರನ್ನೂ ಎಲ್ಡನ್ ಒಂದೇ ಮೊಳೆಗೆ ಸಿಕ್ಕಿಸಿದ್ದಾರೆ. ಸಿಕ್ಕಿಸುವಾಗ ಯಾವುದು ಮೊದಲು, ಯಾವುದು ಕೊನೆ ಎಂಬುದು ಕಲೆಸಿಹೋಗಿದೆ. “ಮೇಲಿದ್ದದ್ದು ಕೆಳಗೆ ಹೋಯ್ತೋ, ಕೆಳಗಿದ್ದದ್ದು ಮೇಲೆ ಬಂತೋ. ಓದಿದ್ರೆ ಮೂರೂ ಒಬ್ಬನೇ ಬರೆದಂಗೆ ಕಾಣಲ್ಲ” ಎನ್ನುತ್ತಾರೆ ಅವರು.

ಗುರುವಾರ ಏಳು ಗಂಟೆಗೆ ಮೈದಾನ ಒಣಗುತ್ತದೆ. ಬಣ್ಣ ಎರಡು ಸಲ ಬೀಳಬೇಕು, ನಡುವೆ ನಾಲ್ಕು ಗಂಟೆ ಆರಬೇಕು. ಶುಕ್ರವಾರ ತಂಡಗಳು ಅಭ್ಯಾಸಕ್ಕೆ ಇಳಿಯುತ್ತವೆ. ಎಂಟಕ್ಕೆ ಶುರು ಮಾಡದಿದ್ದರೆ ಆಗುವುದಿಲ್ಲ. ಕಚೇರಿ ತೆರೆಯುವುದು ಒಂಬತ್ತಕ್ಕೆ.

ಆರ್ಡಿಸ್ ಬಕೆಟ್ ಒಂದನ್ನು ಬೋರಲು ಹಾಕಿ ಕೂರುತ್ತಾರೆ. ಡಬ್ಬಿಯಲ್ಲಿ ಬೆಣ್ಣೆ ಸಕ್ಕರೆ ಸವರಿ ಸುತ್ತಿದ ಲೆಫ್ಸೆ, ಅಜ್ಜಿಯ ಕಾಲದ ಆಲೂಗಡ್ಡೆ ರೊಟ್ಟಿ. ಒಂದನ್ನು ಎಲ್ಡನ್ ಕೈಗಿಟ್ಟು ಫೋನ್ ತೆಗೆಯುತ್ತಾರೆ. ಆ ಕಡೆ ಗಾರ್ಡನ್ ಹಿರಾಟ, ಕ್ಲಿಯರ್‌ಬ್ರೂಕ್ ಮೈದಾನದ ಮುಖ್ಯಸ್ಥ. ಇಪ್ಪತ್ತಾರು ವರ್ಷದ ಪರಿಚಯ. ಮುಖಾಮುಖಿ ಕಂಡದ್ದು ಹೆಚ್ಚೆಂದರೆ ಹದಿನೈದು ಸಲ.

“ಗಾರ್ಡಿ, ಎದ್ದಿದ್ದೀಯಾ?”

“ಹುಲ್ಲು ಮಲಗೋಕೆ ಬಿಡುತ್ತಾ? ಹೇಳು.”

“ಬಣ್ಣ ಯಾಕೆ ಕಳ್ಸಿದೆ?”

ಆ ಕಡೆ ನೀರಿನ ಪಂಪಿನ ಸದ್ದು. “ಯಾಕೆ ಅಂದ್ರೆ? ಕಳ್ಸಬಾರದಿತ್ತಾ?”

“ಅದನ್ನೇ ಕೇಳ್ತಿರೋದು. ನಿಮ್ಮೋರು ಕಳ್ಸು ಅಂದ್ರಾ?”

“ನಮ್ಮೋರು ಏನೂ ಅನ್ಲಿಲ್ಲ. ಸೆಪ್ಟೆಂಬರ್ ಬಂತು, ನಿಮ್ಮ ಹೆಸರು ಕಾಣಿಸ್ತು, ತುಂಬಿಸ್ದೆ. ಬೇಡ ಅನ್ನೋರು ಯಾರಾದ್ರೂ ಇದ್ರೆ ಬೇಡ ಅಂತಿದ್ರು. ಯಾರಿಗೂ ನೆನಪೇ ಇಲ್ಲ ಅನ್ಸುತ್ತೆ. ಬೇಜಾರಾಗಿದ್ರೆ ವಾಪಸ್ ಕಳ್ಸು ಆರ್ಡಿಸ್. ನಾನೇನೂ ಅನ್ಕೊಳ್ಳಲ್ಲ.”

“ಇದು ಕೊನೇದಾ?”

“ನನ್ನ ಕೇಳ್ತೀಯಲ್ಲ. ಹೊಸ ಒಕ್ಕೂಟದ ಆಟಗಳ ವೇಳಾಪಟ್ಟಿ ಬಂದ್ರೆ ಮೊದ್ಲು ನಾನು ನಾವೆಲ್ಲಿದ್ದೀವಿ ಅಂತ ಹುಡುಕ್ತೀನಿ. ನಮ್ಮ ವಾಲಿಬಾಲ್ ಹುಡುಗೀರು ಮೂರು ಸಾವಿರ ಮೈಲಿ ಹಾರಿ ಹೋಗಿ ಆಡಿ, ಬೆಳಿಗ್ಗೆ ಬಂದು ಪರೀಕ್ಷೆ ಬರೀತಾರೆ. ನಮ್ಮ ಮೈದಾನಕ್ಕೆ ಬರೋರು ಗುಡ್ಡ ನೋಡಿ ಇದ್ಯಾವ ಗುಡ್ಡ ಅಂತಾರೆ. ದೊಡ್ಡವರಾಗ್ತೀವಿ ಅಂದಿದ್ರು. ಆಗಿದೀವೋ ಏನೋ.”

ಫೋನ್ ಇಟ್ಟು ಆರ್ಡಿಸ್ ಬೋಳು ಪಟ್ಟಿಯ ಕಡೆ ತಿರುಗುತ್ತಾರೆ. ಕೋಪಕ್ಕೆ ಒಬ್ಬ ಆಸಾಮಿ ಸಿಕ್ಕಿದ್ದರೆ ಅನುಕೂಲವಿತ್ತು. ಸಿಕ್ಕವನು ಗಾರ್ಡಿ; ಅವನೂ ತನ್ನ ಹಾಗೆಯೇ ನಸುಕಿನಲ್ಲಿ ಪಂಪು ತಿರುಗಿಸುತ್ತಾ ನಿಂತವನು.

“ಏನ್ ಮಾಡ್ತೀಯಾ?” ಎಲ್ಡನ್ ಕೇಳುತ್ತಾರೆ.

“ಖಾಲಿ ಬಿಟ್ರೆ ಅದೂ ಒಂದು ಮಾತು ಆಡಿದಂಗೇ ಅಲ್ವಾ? ಕಚೇರಿಯೋರು ಆಡ್ದೇ ಇರೋ ಮಾತನ್ನ ನಾನ್ಯಾಕೆ ಆಡ್ಲಿ?”

“ವೆಲ್ಡಾ ನಿನ್ನ ಜೊತೆ ಮಾತು ಬಿಡ್ತಾಳೆ.”

“ಎರಡು ದಿನ. ಭಾನುವಾರ ಇಪ್ಪತ್ತೆರಡು ಕೋಣೆ ಹಾಸಿಗೆ ಬಟ್ಟೆ ಮಡಿಸೋಕೆ ನನ್ನೇ ಕರೀತಾಳೆ. ಗೂಟ ತಗೊಂಡು ಬಾ.”

ದಾರ ಕಟ್ಟಿ, ಆರು ಗಜ ಎತ್ತರದ ಹತ್ತು ಅಕ್ಷರಗಳಿಗೆ ಬಿಳಿ ಅಂಚು ಎಳೆದು ಹಸಿರು ತುಂಬುವುದು ಆರ್ಡಿಸ್‌ರ ಕ್ರಮ. ಈ ದಿನ ಅವರು ಕ್ರಮ ತಪ್ಪಿಸುತ್ತಾರೆ. ಮೊದಲು ಹಸಿರು ಬಕೆಟ್ಟಿನ ಮುಚ್ಚಳ ಮೀಟಿ, ಪಟ್ಟಿಯ ಒಂದು ಮೂಲೆಗೆ ಸಿಂಪಡಿಸಿಬಿಡುತ್ತಾರೆ. ಹುಲ್ಲಿಗೆ ಬಿದ್ದ ಬಣ್ಣ ತೆಗೆಯಲು ಬರುವುದಿಲ್ಲ. ಮೂರು ಸಲ ಕತ್ತರಿಸಿದರೆ ಹೋದೀತು, ಅದಕ್ಕೆ ಹತ್ತು ದಿನ ಬೇಕು. ಮನಸ್ಸು ಬದಲಾಗದಿರಲೆಂದೇ ಹಾಗೆ ಮಾಡಿದಿರಾ ಎಂದರೆ, “ಎಲ್ಡನ್ ಇನ್ನೂ ಗೂಟ ತಂದಿರ್ಲಿಲ್ಲ, ಅಂಚು ಎಳೆಯೋಕೆ ಆಗ್ತಿರ್ಲಿಲ್ಲ, ಅಷ್ಟೇ” ಎನ್ನುತ್ತಾರೆ.

ಒಂಬತ್ತೂಕಾಲಿಗೆ ಪ್ರೆಸ್ಟನ್ ವೀಲ್ ಬರುತ್ತಾರೆ. ಕೈಯಲ್ಲಿ ನಾಲ್ಕನೆಯ ಸೂಚನೆ. ಅಷ್ಟು ಹೊತ್ತಿಗೆ ನಾಲ್ಕು ಅಕ್ಷರ ಮೂಡಿವೆ.

“ಆರ್ಡಿಸ್, ಇದೇನು ಮಾಡಿದ್ರಿ? ಖಾಲಿ ಬಿಡಿ ಅಂತ ಬರೆದಿದ್ದೆನಲ್ಲಾ?”

“ಬರೆದಿದ್ರಿ. ಎಂದಿನಂತೆ ಅಂತಾನೂ ಬರೆದಿದ್ರಿ. ಯಾವುದು ಕೊನೇದು ಅಂತ ಬರೀಲಿಲ್ಲ.”

“ಕಾಲೇಜಿನ ಅಧ್ಯಕ್ಷರು ಕೇಳಿದ್ರೆ ನಾನೇನು ಹೇಳ್ಲಿ?”

“ಅವರು ಏನು ಹೇಳಿದ್ರು?”

ಪ್ರೆಸ್ಟನ್‌ಗೆ ಮೂವತ್ತನಾಲ್ಕು. ಈ ಕೆಲಸಕ್ಕೆ ಬಂದು ಎಂಟು ತಿಂಗಳು. ಅವರಿಗಿಂತ ಮೊದಲು ಇದ್ದವರು ಬೇರೆ ಒಕ್ಕೂಟದ ಕಾಲೇಜಿಗೆ ಹೋದರು. ಪ್ರೆಸ್ಟನ್ ಕಾಗದವನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸುತ್ತಾರೆ. “ನಿಮಗೆ ಸರಿ ಕಂಡಂತೆ ಮಾಡಿ ಅಂದ್ರು. ನನಗೆ ಯಾವುದೂ ಸರಿ ಕಾಣ್ಲಿಲ್ಲ. ಅದಕ್ಕೇ ಮೂರು ಬರೆದೆ.”

ಎಲ್ಡನ್ ಕೆಮ್ಮಿ ಆ ಕಡೆ ತಿರುಗುತ್ತಾರೆ. ಆರ್ಡಿಸ್ ಉಳಿದ ಲೆಫ್ಸೆಯನ್ನು ಪ್ರೆಸ್ಟನ್ ಕೈಗಿಡುತ್ತಾರೆ. “ತಿನ್ನಿ. ಬೆಳಿಗ್ಗೆ ಏನೂ ತಿಂದಿಲ್ಲ ನೀವು. ಆ ದಾರ ತುಳೀಬೇಡಿ.” ನಾಲ್ಕನೆಯ ಸೂಚನೆ ಪ್ರೆಸ್ಟನ್ ಜೇಬಿಗೆ ಹೋಗುತ್ತದೆ. ಅದರಲ್ಲಿ ಏನಿತ್ತೆಂದು ಯಾರೂ ಕೇಳಲಿಲ್ಲ.

ಶನಿವಾರ ಆಟಕ್ಕೆ ಮೂರು ಗಂಟೆ ಮೊದಲು ತೀರ್ಪುಗಾರರು ಮೈದಾನ ಅಳೆಯಲು ಬರುತ್ತಾರೆ. ಇದು ಯಾವ ಒಕ್ಕೂಟದ ಆಟವೆಂಬ ಚರ್ಚೆ ಬಗೆಹರಿಯದೆ, ಎರಡಕ್ಕೂ ಸೇರದ ಮೂರನೆಯ ಕಡೆಯಿಂದ ಕರೆಸಿದ್ದಾರಂತೆ. ಅವರಲ್ಲಿ ಹಿರಿಯರು, ನರೆತ ಮೀಸೆಯವರು, ಅಳತೆಪಟ್ಟಿ ಹಿಡಿದು ದಕ್ಷಿಣದಿಂದ ಉತ್ತರಕ್ಕೆ ನಡೆದು, ಹಸಿರು ಪಟ್ಟಿಯ ಅಂಚಿನಲ್ಲಿ ನಿಲ್ಲುತ್ತಾರೆ. ಕಂದುಗೆಂಪು ತುದಿಯತ್ತ ಒಮ್ಮೆ ತಿರುಗಿ ನೋಡುತ್ತಾರೆ.

“ಏನಮ್ಮಾ, ಇವತ್ತು ಮನೆಯವರು ಯಾರು, ನೆಂಟರು ಯಾರು?”

“ಆ ತುದಿ ನಮ್ದು, ಈ ತುದಿ ಅವರದು.”

“ಅವರು ನಿಮ್ಮ ಒಕ್ಕೂಟ ಬಿಟ್ಟು ಹೋದರಲ್ಲವಾ?”

“ಹೋದ್ರು.”

“ಮತ್ತೆ ಬರ್ತಾರಾ?”

“ಗೊತ್ತಿಲ್ಲ ಸ್ವಾಮಿ. ಬರೋದಿದ್ರೆ ಜೂನ್ ಒಳಗೆ ಒಂದು ಮಾತು ಹೇಳಿದ್ರೆ ಸಾಕು. ಯಾರೇ ಬರ್ಲಿ, ಬಣ್ಣಕ್ಕೆ ಎರಡು ಮೂರು ತಿಂಗಳು ಮುಂಚೆ ಹೇಳ್ಬೇಕಾಗುತ್ತೆ. ನಾನು ಕೇಳೋದು ಅಷ್ಟೇ.”

ಹಿರಿಯರು ಮಂಡಿಯೂರಿ, ಅಂಚಿನ ಬಿಳಿ ಗೆರೆಯ ಮೇಲೆ ಅಳತೆಪಟ್ಟಿ ಇಡುತ್ತಾರೆ. ಎರಡು ಕಡೆ ಅಳೆದು, ಏನೋ ಬರೆದುಕೊಂಡು, ಎದ್ದು ಬಟ್ಟೆ ಕೊಡವಿಕೊಳ್ಳುತ್ತಾರೆ.

“ಎಷ್ಟಿದೆ?” ಆರ್ಡಿಸ್ ಕೇಳುತ್ತಾರೆ.

“ಎಷ್ಟಿರಬೇಕೋ ಅಷ್ಟಿದೆ.”

“ಅದು ನನಗೆ ಗೊತ್ತು” ಎನ್ನುತ್ತಾರೆ ಆರ್ಡಿಸ್. ಈ ವಾರವಿಡೀ ಅವರ ಬಾಯಿಂದ ‘ಗೊತ್ತು’ ಎಂಬ ಮಾತು ಬಂದದ್ದು ಅದೊಂದೇ ಸಲ.