ನೀರಕ್ಕ ಹಾಕಿದ ರಂಗೋಲಿ

ನೀರಕ್ಕನ ಬಲಗೈಯ ಎರಡು ಬೆರಳಿಗೆ ಉಗುರಿರಲಿಲ್ಲ. ತಳಕಲ್ ಕಡೆ ಯಾವುದೋ ಕೆಲಸದಲ್ಲಿ ಸಿಮೆಂಟ್ ಚಪ್ಪಡಿ ಇಳಿಸುವಾಗ ಅದರಡಿ ಸಿಕ್ಕಿ ಹೋದವಂತೆ. ಕೇಳಿದರೆ, "ಬೆರಳು ಉಳದಾವಲ್ಲ, ಉಗುರು ತಗೊಂಡು ಏನ್ ಮಾಡೂದೈತಿ?" ಎಂದು ನಗುತ್ತಿದ್ದರು.

ಎಂಬತ್ತರ ದಶಕದ ಆರಂಭದ ಮಾತು. ಶ್ರೀರಾಮನಗರದ ಹತ್ತಿರ ಭತ್ತ ತುಂಬುವ ಗೋದಾಮು ಕಟ್ಟುತ್ತಿದ್ದೆವು. ಚಪ್ಪಡಿಗಳನ್ನು ನೆಲದ ಮೇಲೆಯೇ ಎರಕ ಹೊಯ್ದು, ಗಟ್ಟಿಯಾದ ಮೇಲೆ ಮೂರು ಕಾಲಿನ ಕಂಬಕ್ಕೆ ಕಟ್ಟಿದ ಚೈನಿನಿಂದ ಎತ್ತಿ ಗೋಡೆಯ ಮೇಲೆ ಕೂರಿಸುವ ಪದ್ಧತಿ. ನಮ್ಮ ಕಡೆಗೆ ಅದು ಹೊಸದು. ಡಿಪ್ಲೊಮಾ ಮುಗಿಸಿದ ಬಿಸಿಯಲ್ಲಿದ್ದ ನಾನು ಅಲ್ಲಿ ಸೂಪರ್‌ವೈಸರ್. ಇರಕಲ್ಲಗಡದಿಂದ ಬಂದಿದ್ದ ಅವರು ಚಪ್ಪಡಿಗಳು ಗಟ್ಟಿಯಾಗಲೆಂದು ಗೋಣಿಚೀಲ ಹೊದಿಸಿ ದಿನಾ ನೀರುಣಿಸುವ ಕೆಲಸದವರು. ಹಾಗಾಗಿ ಎಲ್ಲರಿಗೂ ನೀರಕ್ಕ. ಯಾವ ಚಪ್ಪಡಿ ಎಷ್ಟು ದಿನ ನೀರು ಕುಡಿದಿದೆ ಎಂಬುದು ನನ್ನ ಪುಸ್ತಕಕ್ಕಿಂತ ಅವರ ಬಾಯಲ್ಲೇ ಸರಿಯಾಗಿರುತ್ತಿತ್ತು.

ಆ ಬಯಲಲ್ಲಿ ಒಂದು ಮರ ಇರಲಿಲ್ಲ. ಊಟದ ಹೊತ್ತಿಗೆ ಚೈನ್ ಎಳೆಯುವವರು ಅರ್ಧ ಎತ್ತಿದ ಚಪ್ಪಡಿಯನ್ನು ಹಾಗೇ ತೂಗಬಿಟ್ಟು ಬರುತ್ತಿದ್ದರು. ಇಳಿಸಿದರೆ ಮತ್ತೆ ಎತ್ತಬೇಕಲ್ಲ ಎಂಬ ಸೋಮಾರಿತನ. ಇಡೀ ಬಯಲಿಗೆ ಅದರ ನೆರಳೊಂದೇ ತಂಪು. ಜನ ಅದರಡಿಗೇ ಬುತ್ತಿ ಬಿಚ್ಚುತ್ತಿದ್ದರು! ಮೇಲೆ ಟನ್ನುಗಟ್ಟಲೆ ಸಿಮೆಂಟು, ಕೆಳಗೆ ರೊಟ್ಟಿ, ಚಟ್ನಿ, ನಗೆ. ನನ್ನ ಜೀವ ಬಾಯಿಗೆ ಬರುತ್ತಿತ್ತು. ಕೂಗಾಡಿದೆ. ಬೋರ್ಡು ನೆಡಿಸಿದೆ, ಅದಕ್ಕೆ ಅಂಗಿ ತೂಗುಹಾಕಿದರು. ಹಗ್ಗ ಕಟ್ಟಿಸಿದೆ, ಅದರ ಮೇಲೆ ಸೀರೆ ಒಣಗಿದವು. ಹುಬ್ಬಳ್ಳಿಯಿಂದ ಹೆಮ್ಮೆಯಿಂದ ತಂದಿದ್ದ ನನ್ನ ಹೆಲ್ಮೆಟ್ಟಿನಲ್ಲಿ ಒಂದು ದಿನ ಮಂಡಕ್ಕಿ ಕಲಸಿದ್ದರು.

ಮರುದಿನ ಬೆಳಿಗ್ಗೆ ಬಂದು ನೋಡಿದರೆ, ಚಪ್ಪಡಿ ತೂಗುವ ಜಾಗದ ತುಂಬ ಅಗಲವಾದ ರಂಗೋಲಿ. ನಡುವೆ ಅರಿಶಿನ, ಕುಂಕುಮ, ನಾಲ್ಕು ಹೂವು. ನೀರಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿ ಕೊನೆಯ ಎಳೆ ಎಳೆಯುತ್ತಿದ್ದರು.

"ಯಕ್ಕಾ, ಇದೇನಿದು?"

"ನಿಮ್ಮ ಬೋರ್ಡ್ ಓದಾಕ ಬರಂಗಿಲ್ಲ, ನಿಮ್ಮ ಹಗ್ಗಕ್ಕ ಅಂಜಂಗಿಲ್ಲ. ಇದನ್ನ ಹೆಂಗ ತುಳಿತಾರ ನೋಡೂಣು, ತಡೀರಿ."

ತುಳಿಯಲಿಲ್ಲ. ಭತ್ತ ಬೆಳೆಯಲು ಆಂಧ್ರದಿಂದ ಬಂದು ನೆಲೆಸಿದ್ದ ಕ್ಯಾಂಪಿನ ತೆಲುಗರೂ ತುಳಿಯಲಿಲ್ಲ, ನಮ್ಮವರೂ ತುಳಿಯಲಿಲ್ಲ. ಗೊಣಗುತ್ತಾ ಸುತ್ತುಹಾಕಿ ಹೋಗಿ ಗೋಡೆಯ ಬುಡದ ಬಿಸಿಲಲ್ಲಿ ಕೂತರು. ಕಂಟ್ರಾಕ್ಟರ್ ಮಾತ್ರ, "ಇದು ಗೋದಾಮೋ, ಗುಡಿಯೋ?" ಎಂದು ಹಂಗಿಸಿದರು. ನೀರಕ್ಕ ದಿನಾ ಬೆಳಿಗ್ಗೆ ಹೊಸದಾಗಿ ಹಾಕುವುದನ್ನು ಬಿಡಲಿಲ್ಲ.

ಅಷ್ಟರಲ್ಲಿ ಉದ್ಘಾಟನೆಯ ದಿನ ಗೊತ್ತಾಯಿತು. ಮೂರೇ ದಿನ ನೀರು ಕಂಡಿದ್ದ ಚಪ್ಪಡಿಗಳನ್ನು ಎತ್ತಿ ಎಂದು ಕಂಟ್ರಾಕ್ಟರ್ ಹಟ ಹಿಡಿದರು.

"ಅವು ಇನ್ನೂ ಹಸಿ ಅದಾವ್ರಿ, ಧಣಿ. ಕೊಂಡಿ ಕಿತ್ಕೊಂಡು ಬರ್ತೈತಿ" ಎಂದರು ನೀರಕ್ಕ.

"ನೀರು ಹಾಕಾಕಿ ನೀನು, ಎಂಜಿನಿಯರ್ ಆಗಬ್ಯಾಡ."

ಕಂಟ್ರಾಕ್ಟರ್ ನನ್ನ ಕಡೆ ತಿರುಗಿದರು. ನೀರಕ್ಕ ಹೇಳಿದ್ದು ನಿಜವೆಂದು ನನಗೆ ಗೊತ್ತಿತ್ತು. ಆದರೂ ಕೆಲಸ ಹೋದೀತೆಂದು ಹೆದರಿ, ಎತ್ತಿ ಎಂದುಬಿಟ್ಟೆ. ಇದನ್ನು ಬರೆಯುವಾಗ ಇವತ್ತಿಗೂ ನಾಚಿಕೆಯಾಗುತ್ತದೆ.

ಊಟದ ಹೊತ್ತು. ಚಪ್ಪಡಿ ಆಳೆತ್ತರದಲ್ಲಿ ನೇತಾಡುತ್ತಿತ್ತು. ಹದಿನೆಂಟು ಜನ ಗೋಡೆಯ ಬುಡದಲ್ಲಿ ಬಿಸಿಲನ್ನು ಬೈಯುತ್ತಾ ರೊಟ್ಟಿ ಮುರಿಯುತ್ತಿದ್ದರು. ಎರಕದಲ್ಲಿ ಹುದುಗಿಸಿದ್ದ ಕಬ್ಬಿಣದ ಕೊಂಡಿ ಕಿತ್ತು ಬಂತು. ನೆಲ ನಡುಗಿತು. ಧೂಳು ಇಳಿದಾಗ ನೋಡುತ್ತೇವೆ: ರಂಗೋಲಿಯ ಮೇಲೆ ಮೂರು ತುಂಡಾದ ಚಪ್ಪಡಿ. ಅದರಡಿ ಒಂದು ಚಪ್ಪಲಿಯೂ ಇರಲಿಲ್ಲ.

ಯಾರೋ ಅಳತೊಡಗಿದರು, ಯಾರೋ ಸಿಳ್ಳೆ ಹೊಡೆದರು. ಆಮೇಲೆ ಎಲ್ಲರೂ ನೀರಕ್ಕನನ್ನು ಸುತ್ತುಗಟ್ಟಿ ಹೋ ಎಂದು ಕೂಗಿದರು. ಕಂಟ್ರಾಕ್ಟರ್ ಮುಖದಲ್ಲಿ ರಕ್ತವಿರಲಿಲ್ಲ. "ಏನ್ ಬೇಕು ಕೇಳವ್ವಾ" ಎಂದರು.

"ನೆರಳು ಬೇಕ್ರಿ. ರಂಗೋಲಿಗೆ ಎಷ್ಟು ದಿನಾ ಅಂಜ್ತಾರ? ಬಿಸಿಲು ಹೆಚ್ಚಾದ ದಿನಾ ತುಳದ ಕೂಡ್ತಾರ. ಮತ್ತ, ಹಸಿ ಚಪ್ಪಡಿ ಎತ್ತಬ್ಯಾಡ್ರಿ. ಎರಡಕ್ಕೂ ಹೂಂ ಅನ್ನೂತನಾ ನಾ ನೀರು ಹಾಕಂಗಿಲ್ಲ."

ಅವರು ನೀರಿನ ಕೊಡ ಕೆಳಗಿಟ್ಟರು. ಹೆಂಗಸರೆಲ್ಲ ಬುಟ್ಟಿ ಬೋರಲು ಹಾಕಿ ಕೂತರು, ಅವರ ಹಿಂದೆ ಗಂಡಸರೂ ಕೂತರು. ಸಂಜೆಯೊಳಗೆ ಲಾರಿಯ ತಾಡಪತ್ರಿ ಇಳಿದು ಚಪ್ಪರವಾಯಿತು. ಒಂದು ಮೂಲೆಯನ್ನು ಹಿಡಿದು ಕಟ್ಟಿದವರು ಸ್ವತಃ ಕಂಟ್ರಾಕ್ಟರ್! ಅಂದಿನಿಂದ ನೀರಕ್ಕ ಹೂಂ ಅನ್ನದೆ ಒಂದು ಚಪ್ಪಡಿಯೂ ಮೇಲೇರಲಿಲ್ಲ. ಉದ್ಘಾಟನೆ ಮುಂದೆ ಹೋಯಿತು. ಗೋದಾಮು ಗಟ್ಟಿಯಾಗಿ ನಿಂತಿತು, ಭತ್ತವೂ ಬಂತು.

ಅವರು ವಯಸ್ಸಾಗಿ, ತಮ್ಮ ಮನೆಯಲ್ಲಿ, ಮೊಮ್ಮಕ್ಕಳ ನಡುವೆ ತೀರಿಕೊಂಡರೆಂದು ತಡವಾಗಿ ತಿಳಿಯಿತು. ಆ ಗೋದಾಮಿನ ನಂತರ ನಾನು ಕುಷ್ಟಗಿ, ಯಲಬುರ್ಗಾ ಅಂತ ಎಷ್ಟೋ ಕಡೆ ಕಟ್ಟಿಸಿದೆ. ಅವಸರ ಮಾಡಿದವರ ಎದುರು ಅಡ್ಡ ನಿಂತೆ, ಹೆದರುಪುಕ್ಕಲ ಅನ್ನಿಸಿಕೊಂಡೆ. ಕೆಲಸಕ್ಕೆ ಬಂದವರ ಮನೆ ಬಾಗಿಲಿಗೆ ಸಾವಿನ ಸುದ್ದಿ ಹೊತ್ತು ಒಮ್ಮೆಯೂ ಹೋಗಬೇಕಾಗಲಿಲ್ಲ. ಆ ಒಂದು ಮಧ್ಯಾಹ್ನ ಹದಿನೆಂಟು ಬಾಗಿಲಿಗೆ ಹೋಗಬೇಕಾಗುತ್ತಿತ್ತು, ನೀರಕ್ಕ ಹೋಗಗೊಡಲಿಲ್ಲ.